ಒಳಗಿನ ಹೆಸರು, ಹೊರಗಿನ ಗುರುತು

2024ರ ಮಾರ್ಚ್‌ನಲ್ಲಿ ತೆಲಂಗಾಣದ ಹೊಸ ವಾಹನಗಳ ನಂಬರ್ ಪ್ಲೇಟ್‌ಗಳಲ್ಲಿ ‘ಟಿಎಸ್’ ಹೋಗಿ ‘ಟಿಜಿ’ ಬಂತು. ಅದಕ್ಕೂ ಮೊದಲು ನೋಂದಣಿಯಾದ ವಾಹನಗಳು ಹಳೆಯ ‘ಟಿಎಸ್’ ಫಲಕದೊಂದಿಗೇ ಓಡಾಡುತ್ತಿವೆ. ರಾಜ್ಯ ಅದೇ, ಗಡಿ ಅದೇ. ರಾಜ್ಯವನ್ನು ಬರೆದು ತೋರಿಸುವ ಎರಡು ಅಕ್ಷರ ಮಾತ್ರ ಬೇರೆ. ಇದಕ್ಕೆ ತಿರುವುಮುರುವಾದ ಪ್ರಸಂಗ ಯುರೋಪಿನಲ್ಲಿ ನಡೆಯಿತು. ದೇಶಗಳಿಗೆ ಎರಡಕ್ಷರದ ಸಂಕೇತ ಕೊಡುವ ಐಎಸ್‌ಒ 3166 ಪಟ್ಟಿಯಲ್ಲಿ ‘ಸಿಎಸ್’ ಎಂದರೆ ಜೆಕೊಸ್ಲೊವಾಕಿಯಾ. 1993ರಲ್ಲಿ ಆ ದೇಶ ಎರಡಾಯಿತು, ಸಂಕೇತ ಖಾಲಿ ಬಿತ್ತು. 2003ರಲ್ಲಿ ಯುಗೊಸ್ಲಾವಿಯಾ ತನ್ನ ಹೆಸರನ್ನು ‘ಸರ್ಬಿಯಾ ಮತ್ತು ಮಾಂಟೆನೆಗ್ರೊ’ ಎಂದು ಬದಲಿಸಿಕೊಂಡಾಗ ಅದೇ ‘ಸಿಎಸ್’ ಅನ್ನು ಅದಕ್ಕೆ ಕೊಟ್ಟರು. 2006ರಲ್ಲಿ ಆ ದೇಶವೂ ಒಡೆಯಿತು. ಇಂದು ಯಾವುದೋ ಹಳೆಯ ಕಡತದಲ್ಲಿ ‘ಸಿಎಸ್’ ಕಂಡರೆ ಅದು ಯಾವ ದೇಶವೆಂದು ಸಂಕೇತವೊಂದರಿಂದಲೇ ಹೇಳಲಾಗದು. ಕಡತದ ತಾರೀಖೂ ಬೇಕು. ತೆಲಂಗಾಣದಲ್ಲಿ ವಸ್ತು ನಿಂತಿತು, ಗುರುತು ಬದಲಾಯಿತು. ಇಲ್ಲಿ ಗುರುತು ನಿಂತಿತು, ವಸ್ತು ಬದಲಾಯಿತು.

ಆಡಳಿತದ ಮಾತಿನಂತೆ ಕಾಣುವ ಈ ಎರಡು ಪ್ರಸಂಗಗಳು ಪ್ರೋಗ್ರಾಮ್ ಬರೆಯುವವರಿಗೆ ದಿನನಿತ್ಯದ ಸಮಸ್ಯೆ. ಪ್ರತಿಯೊಂದು ದೊಡ್ಡ ಪ್ರೋಗ್ರಾಮಿನಲ್ಲೂ ‘ಇಷ್ಟರಲ್ಲಿ ಒಂದು’ ಎನ್ನುವ ಬಗೆಯ ಮಾಹಿತಿ ಹತ್ತಾರು ಕಡೆ ಇರುತ್ತದೆ: ವಾರದ ದಿನ, ರಕ್ತದ ಗುಂಪು, ರಾಜ್ಯ, ಆರ್ಡರ್‌ನ ಸ್ಥಿತಿ. ಇಂಥ ಎಣಿಸಿಟ್ಟ ಆಯ್ಕೆಗಳ ಗುಂಪಿಗೆ ಪ್ರೋಗ್ರಾಮರ್‌ಗಳು ಎನಮ್ ಎನ್ನುತ್ತಾರೆ. ಅದು ಪ್ರೋಗ್ರಾಮಿನ ಒಳಗೆ ಇರುವಷ್ಟು ಹೊತ್ತು ಒಂದು ಹೆಸರು. ಕಡತಕ್ಕೋ ಡೇಟಾಬೇಸ್‌ಗೋ ಇನ್ನೊಂದು ಕಂಪ್ಯೂಟರ್‌ಗೋ ಹೊರಟ ಕೂಡಲೇ ಅಕ್ಷರಗಳ ಅಥವಾ ಅಂಕಿಗಳ ಒಂದು ಗುರುತಾಗಬೇಕು. ಹೀಗೆ ಗುರುತಾಗಿಸುವ ಕೆಲಸಕ್ಕೆ ಸೀರಿಯಲೈಸೇಶನ್ ಎಂದು ಹೆಸರು. ಒಳಗಿನ ಹೆಸರು ಮತ್ತು ಹೊರಗಿನ ಗುರುತು ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ವೇಗದಲ್ಲಿ ಬದಲಾಗುತ್ತವೆ. ಆದ್ದರಿಂದ ಎರಡರ ನಡುವಿನ ಸಂಬಂಧವನ್ನು ಯಂತ್ರದ ಊಹೆಗೆ ಬಿಡದೆ ಕೈಯಾರೆ, ಒಂದೇ ಒಂದು ಸಲ, ಪ್ರೋಗ್ರಾಮನ್ನು ಯಂತ್ರಭಾಷೆಗೆ ತರುವ ಕಂಪೈಲರ್ ಪರೀಕ್ಷಿಸಬಲ್ಲ ದಿಕ್ಕಿನಲ್ಲಿ ಬರೆಯಬೇಕು. ಅದನ್ನು ಟೈಪಿನ, ಅಂದರೆ ಆಯ್ಕೆಗಳ ಪಟ್ಟಿಯ, ಪಕ್ಕದಲ್ಲಿಡದೆ ಮಾಹಿತಿ ಹೊರಹೋಗುವ ಗಡಿಯಲ್ಲಿ ಇಡಬೇಕು. ಈ ಅಧ್ಯಾಯದ ವಾದ ಇಷ್ಟೇ. ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಈ ಶಿಸ್ತು ಬೇರೆಲ್ಲಕ್ಕಿಂತ ಅಗ್ಗವಾಗಿ ದೊರೆಯುತ್ತದೆ. ಆದರೆ ಅದನ್ನು ಕೈಬಿಡುವ ಆಮಿಷವೂ ಅಲ್ಲಿಯೇ ಹೆಚ್ಚು.

ಮೊದಲು ಒಳಗಿನ ಹೆಸರಿನ ಚರಿತ್ರೆ ನೋಡೋಣ. ಹಳೆಯ ಭಾಷೆಗಳಲ್ಲಿ ಸೋಮವಾರಕ್ಕೆ 1, ಮಂಗಳವಾರಕ್ಕೆ 2 ಎಂದು ಅಂಕಿ ಕೊಟ್ಟು, ಅದರ ಅರ್ಥವನ್ನು ಪ್ರೋಗ್ರಾಮರ್ ತಲೆಯಲ್ಲಿಟ್ಟುಕೊಳ್ಳಬೇಕಿತ್ತು. ವಾರದ ದಿನವನ್ನು ರಕ್ತದ ಗುಂಪಿಗೆ ಕೂಡಿಸಿದರೂ ಯಂತ್ರ ತಡೆಯುತ್ತಿರಲಿಲ್ಲ, ಅದಕ್ಕೆ ಎರಡೂ ಬರಿಯ ಅಂಕಿಗಳೇ. ನಿಕ್ಲಾಸ್ ವಿರ್ಟ್ 1970ರಲ್ಲಿ ಪ್ರಕಟಿಸಿದ ಪಾಸ್ಕಲ್ ಭಾಷೆ ಈ ಆಯ್ಕೆಗಳಿಗೆ ಹೆಸರು ಕೊಟ್ಟು, ಒಂದು ಗುಂಪಿನ ಹೆಸರು ಇನ್ನೊಂದಕ್ಕೆ ಸೇರದಂತೆ ಮಾಡಿತು. ಹತ್ತು ವರ್ಷಗಳ ಬಳಿಕ, 1980ರಲ್ಲಿ, ಎಡಿನ್‌ಬರೊದಲ್ಲಿ ರಾಡ್ ಬರ್‌ಸ್ಟಾಲ್, ಡೇವಿಡ್ ಮ್ಯಾಕ್ವೀನ್ ಮತ್ತು ಡಾನ್ ಸನೆಲ್ಲಾ ರೂಪಿಸಿದ ಹೋಪ್ ಭಾಷೆ ಇನ್ನೂ ಮುಂದೆ ಹೋಯಿತು. ಅಲ್ಲಿ ಟೈಪ್ ಎಂದರೆ ಆಯ್ಕೆಗಳ ಪಟ್ಟಿ, ಫಂಕ್ಷನ್ ಎಂದರೆ ಒಂದೊಂದು ಆಯ್ಕೆಗೆ ಒಂದೊಂದು ಸಾಲಿನ ಉತ್ತರ. ಸ್ಟ್ಯಾಂಡರ್ಡ್ ಎಂಎಲ್, ಒಕ್ಯಾಮಲ್, ಹ್ಯಾಸ್ಕೆಲ್ ಎಂಬ ಫಂಕ್ಷನಲ್ ಭಾಷೆಗಳು ಈ ರೂಪವನ್ನು ಮುಂದುವರಿಸಿದವು. ರಸ್ಟ್, ಸ್ವಿಫ್ಟ್‌ಗಳಿಗೂ ಇಲ್ಲಿಂದಲೇ ಬಂತು. ಇದರಿಂದ ಸಿಕ್ಕ ದೊಡ್ಡ ಲಾಭ ಪೂರ್ಣತೆಯ ತಪಾಸಣೆ. ಪಟ್ಟಿಯಲ್ಲಿ ನಾಲ್ಕು ಆಯ್ಕೆಗಳಿದ್ದು ಫಂಕ್ಷನ್‌ನಲ್ಲಿ ಮೂರಕ್ಕೇ ಉತ್ತರವಿದ್ದರೆ, ಪ್ರೋಗ್ರಾಮ್ ಓಡುವ ಮೊದಲೇ ಕಂಪೈಲರ್ ಬಿಟ್ಟುಹೋದ ಆಯ್ಕೆಯ ಹೆಸರು ಹಿಡಿದು ಹೇಳುತ್ತದೆ. ಐದನೆಯ ಆಯ್ಕೆಯೊಂದನ್ನು ಸೇರಿಸಿದ ದಿನ, ಅದಕ್ಕೆ ಉತ್ತರ ಬರೆಯದ ಎಲ್ಲ ಜಾಗಗಳ ಪಟ್ಟಿಯನ್ನೂ ಅದೇ ತಯಾರಿಸಿ ಕೊಡುತ್ತದೆ.

ಈ ತಪಾಸಣೆಯ ಬೆಲೆ ಗೊತ್ತಾಗುವುದು ಅದನ್ನು ಕಳೆದುಕೊಂಡಾಗ. ಕಳೆದುಕೊಳ್ಳಲು ಒಂದೇ ಸಾಲು ಸಾಕು: ‘ಉಳಿದ ಎಲ್ಲದಕ್ಕೂ ಇದೇ ಉತ್ತರ’. ಇದು ಎಷ್ಟು ಅಪಾಯದ ಸಾಲು ಎಂಬುದಕ್ಕೆ ವೈದ್ಯವಿಜ್ಞಾನದಲ್ಲೇ ಒಂದು ನಿದರ್ಶನವಿದೆ. ರಕ್ತದ ಗುಂಪು ಪತ್ತೆಹಚ್ಚುವ ಸಾಮಾನ್ಯ ಪರೀಕ್ಷೆಯಲ್ಲಿ ಕೆಂಪುಕಣಗಳ ಮೇಲೆ ‘ಎ’ ಇದೆಯೇ, ‘ಬಿ’ ಇದೆಯೇ ಎಂದು ನೋಡುತ್ತಾರೆ. ಎರಡೂ ಕಾಣದಿದ್ದರೆ ಆ ರಕ್ತ ‘ಓ’. ಅಂದರೆ ‘ಓ’ ಎಂಬುದು ಇಲ್ಲಿ ನೇರವಾಗಿ ಗುರುತಿಸಿದ ಗುಂಪಲ್ಲ, ಉಳಿದದ್ದಕ್ಕೆಲ್ಲ ಕೊಟ್ಟ ಹೆಸರು. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ಮುಂಬಯಿಯಲ್ಲಿ ಕಂಡುಹಿಡಿದ ‘ಬಾಂಬೆ’ ಗುಂಪಿನವರ ಕಣಗಳಲ್ಲಿ ಎ, ಬಿ ಎರಡೂ ಇರುವುದಿಲ್ಲ. ಅವಕ್ಕೆ ಬುನಾದಿಯಾದ ‘ಎಚ್’ ಕೂಡ ಇರುವುದಿಲ್ಲ. ಮೇಲಿನ ಪರೀಕ್ಷೆ ಅವರನ್ನು ‘ಓ’ ಎಂದೇ ಬರೆಯುತ್ತದೆ. ಆದರೆ ಓ ಗುಂಪಿನ ರಕ್ತದಲ್ಲಿ ಎಚ್ ಧಾರಾಳವಾಗಿದೆ, ಬಾಂಬೆ ಗುಂಪಿನವರ ದೇಹದಲ್ಲಿ ಎಚ್ ವಿರುದ್ಧದ ಪ್ರತಿಕಾಯಗಳಿವೆ. ಓ ರಕ್ತ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ರಕ್ತನಿಧಿಗಳಲ್ಲಿ ಪ್ಲಾಸ್ಮಾವನ್ನೂ ಪರೀಕ್ಷಿಸಿ, ಅಡ್ಡ ಹೊಂದಾಣಿಕೆ ನೋಡಿಯೇ ರಕ್ತ ಕೊಡುವುದು ಇಂಥದ್ದು ತಪ್ಪಿಹೋಗಬಾರದೆಂದು. ಪ್ರೋಗ್ರಾಮಿನಲ್ಲಿ ‘ಉಳಿದ ಎಲ್ಲದಕ್ಕೂ’ ಎಂಬ ಸಾಲು ಮಾಡುವುದೂ ಇದನ್ನೇ. ನಾಳೆ ಬರುವ ಹೊಸ ಆಯ್ಕೆಯನ್ನು ಅದು ಇಂದಿನ ಯಾವುದೋ ಹಳೆಯ ಆಯ್ಕೆಯ ಹೆಸರಿನಲ್ಲಿ ಸದ್ದಿಲ್ಲದೆ ನುಂಗಿಬಿಡುತ್ತದೆ.

ಒಳಗಿನ ವ್ಯವಸ್ಥೆ ಇಷ್ಟು ಗಟ್ಟಿಯಿರುವಾಗ, ಹೊರಗಿನ ಗುರುತನ್ನೂ ಅದರಿಂದಲೇ ತಾನಾಗಿ ಹುಟ್ಟಿಸಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದಕ್ಕೆ ಸುಲಭದ ದಾರಿ ಎರಡಿವೆ. ಮೊದಲನೆಯದು, ಪಟ್ಟಿಯಲ್ಲಿ ಆಯ್ಕೆಯ ಸ್ಥಾನ ಎಷ್ಟನೆಯದೋ ಆ ಅಂಕಿಯನ್ನೇ ಬರೆಯುವುದು. ಒಕ್ಯಾಮಲ್‌ನಲ್ಲಿ ಮಾಹಿತಿಯನ್ನು ಇದ್ದಂತೆಯೇ ಬೈಟ್‌ಗಳಾಗಿ ಬರೆದಿಡುವ ಮಾರ್ಷಲ್ ಎಂಬ ಸೌಕರ್ಯವಿದೆ. ಜೊತೆಗೆ ಏನನ್ನೂ ಹೊತ್ತಿರದ ಆಯ್ಕೆಗಳು ಆ ಭಾಷೆಯ ಸ್ಮೃತಿಯಲ್ಲಿ ಇರುವುದೇ 0, 1, 2 ಎಂಬ ಸ್ಥಾನದ ಅಂಕಿಗಳಾಗಿ. ಒಂದು ಅಂಗಡಿಯ ಪ್ರೋಗ್ರಾಮಿನಲ್ಲಿ ಆರ್ಡರ್‌ನ ಸ್ಥಿತಿಗಳು ‘ಬಂದಿದೆ, ಕಳುಹಿಸಿದೆ, ತಲುಪಿದೆ, ರದ್ದಾಗಿದೆ’ ಎಂದಿವೆ ಎನ್ನೋಣ. ‘ತಲುಪಿದೆ’ ಎಂಬುದು ಕಡತದಲ್ಲಿ 2 ಆಗಿ ಕುಳಿತಿದೆ. ಆಮೇಲೆ ಯಾರೋ ‘ಬಂದಿದೆ’ಯ ನಂತರ ‘ಪ್ಯಾಕ್ ಆಗಿದೆ’ ಎಂಬ ಹೊಸ ಸ್ಥಿತಿಯನ್ನು ಸೇರಿಸುತ್ತಾರೆ. ಪ್ರೋಗ್ರಾಮ್ ಚೆನ್ನಾಗಿಯೇ ಕಂಪೈಲ್ ಆಗುತ್ತದೆ, ಎಲ್ಲ ಫಂಕ್ಷನ್‌ಗಳೂ ಪೂರ್ಣವಾಗಿವೆ. ಆದರೆ ಹಳೆಯ ಕಡತದ 2 ಈಗ ‘ಕಳುಹಿಸಿದೆ’ ಎಂದು ಓದಿಸಿಕೊಳ್ಳುತ್ತದೆ. ತಲುಪಿಯಾಗಿದ್ದ ಆರ್ಡರ್‌ಗಳೆಲ್ಲ ಮತ್ತೆ ದಾರಿಯಲ್ಲಿವೆ. ಯಾವ ದೋಷದ ಸಂದೇಶವೂ ಇಲ್ಲ, ಏಕೆಂದರೆ ಪ್ರೋಗ್ರಾಮಿನ ದೃಷ್ಟಿಯಲ್ಲಿ ದೋಷವೇ ಇಲ್ಲ.

ಎರಡನೆಯ ದಾರಿ ಅಂಕಿಯ ಬದಲು ಹೆಸರನ್ನೇ ಬರೆಯುವುದು. ಹ್ಯಾಸ್ಕೆಲ್‌ನಲ್ಲಿ ಟೈಪಿನ ಕೊನೆಗೆ ‘ಡಿರೈವಿಂಗ್’ ಎಂದು ಒಂದು ಸಾಲು ಬರೆದರೆ ಸಾಕು, ಆಯ್ಕೆಯನ್ನು ಅಕ್ಷರಗಳಾಗಿ ಬರೆಯುವ, ಅಕ್ಷರಗಳಿಂದ ಮರಳಿ ಓದುವ ಫಂಕ್ಷನ್‌ಗಳನ್ನು ಕಂಪೈಲರ್ ತಾನೇ ಕಟ್ಟಿಕೊಡುತ್ತದೆ. ಸ್ಥಾನದ ಅಂಕಿಗಿಂತ ಇದು ಮೇಲು, ಹೊಸ ಆಯ್ಕೆಯನ್ನು ನಡುವೆ ತೂರಿಸಿದರೂ ಹಳೆಯದು ಕೆಡುವುದಿಲ್ಲ. ಆದರೆ ಈಗ ಒಳಗಿನ ಹೆಸರೇ ಹೊರಗಿನ ಕರಾರಾಗಿಬಿಟ್ಟಿತು. ಓದುವವರಿಗೆ ಅನುಕೂಲವಾಗಲೆಂದು ಒಂದು ಹೆಸರನ್ನು ತಿದ್ದಿದರೆ, ಎಡಿಟರ್ ಪ್ರೋಗ್ರಾಮಿನ ತುಂಬ ಅದನ್ನು ಚೊಕ್ಕವಾಗಿ ತಿದ್ದಿಕೊಡುತ್ತದೆ, ಡೇಟಾಬೇಸ್‌ನಲ್ಲಿ ಕುಳಿತ ಲಕ್ಷಾಂತರ ಸಾಲುಗಳಲ್ಲಿ ಹಳೆಯ ಹೆಸರು ಹಾಗೆಯೇ ಉಳಿಯುತ್ತದೆ. ಇನ್ನೂ ಸೂಕ್ಷ್ಮವಾದ ತೊಡಕೊಂದಿದೆ. ಹ್ಯಾಸ್ಕೆಲ್‌ನಲ್ಲಿ ಮಾಹಿತಿಯನ್ನು ಪಠ್ಯವಾಗಿ ಸಾಗಿಸುವ ಜೇಸನ್ ರೂಪಕ್ಕೆ ಹೆಚ್ಚಿನವರು ಬಳಸುವ ಏಸನ್ ಲೈಬ್ರರಿಯು, ಯಾವ ಆಯ್ಕೆಯೂ ಜೊತೆಯಲ್ಲಿ ಮಾಹಿತಿ ಹೊತ್ತಿಲ್ಲದಿದ್ದರೆ, ಪ್ರತಿ ಆಯ್ಕೆಯನ್ನೂ ಬರಿಯ ಪಠ್ಯವಾಗಿ ಬರೆಯುತ್ತದೆ. ‘ತಲುಪಿದೆ’ ಎಂಬುದು ಉದ್ಧರಣ ಚಿಹ್ನೆಗಳ ನಡುವಿನ ಒಂದು ಪದ, ಅಷ್ಟೇ. ಮುಂದೊಂದು ದಿನ ‘ರದ್ದಾಗಿದೆ’ ಎಂಬ ಒಂದೇ ಆಯ್ಕೆಗೆ ರದ್ದಾದ ಕಾರಣವನ್ನೂ ಸೇರಿಸಿದಿರಿ ಎನ್ನಿ. ಲೈಬ್ರರಿಯ ಮೂಲ ಏರ್ಪಾಡಿನಲ್ಲಿ ಆಗ ಮುಟ್ಟದೆ ಬಿಟ್ಟ ‘ತಲುಪಿದೆ’ಯ ರೂಪವೂ ಬದಲಾಗುತ್ತದೆ: ಪದ ಹೋಗಿ, ಪುಷ್ಪಾವರಣದೊಳಗೆ ‘ಟ್ಯಾಗ್’ ಎಂಬ ಕೀಲಿಯಿರುವ ಆಬ್ಜೆಕ್ಟ್ ಬರುತ್ತದೆ. ಒಂದು ಆಯ್ಕೆಗೆ ಮಾಡಿದ ಬದಲಾವಣೆ ಉಳಿದ ಮೂರರ ಗುರುತನ್ನೂ ಕೆಡಿಸಿತು, ಅತ್ತ ಕಡೆ ಓದುತ್ತಿದ್ದ ಮೊಬೈಲ್ ಆ್ಯಪ್‌ಗೆ ಒಂದೂ ಅರ್ಥವಾಗದಂತಾಯಿತು.

ಹೊರಗೆ ಹೋದ ಗುರುತನ್ನು ಹೇಗೆ ನಡೆಸಿಕೊಳ್ಳಬೇಕೆಂಬುದನ್ನು ಜಗತ್ತಿನ ದೊಡ್ಡ ಪಟ್ಟಿಗಳಿಂದ ಕಲಿಯಬಹುದು. ಅವುಗಳಲ್ಲಿ ಲಿಪಿಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪ್ರಮುಖವಾದದ್ದು, ಕನ್ನಡಕ್ಕೆ ನೇರವಾಗಿ ಸೇರಿದ್ದು ಕೂಡ. ಯೂನಿಕೋಡ್‌ನಲ್ಲಿ 3200ರಿಂದ 3327ರವರೆಗಿನ ಸಂಖ್ಯೆಗಳು ಕನ್ನಡ ಲಿಪಿಯವು. ಅದರಲ್ಲಿ 3294 ಹಳಗನ್ನಡದ ‘ೞ’ ಅಕ್ಷರದ್ದು. ಆದರೆ ಪಟ್ಟಿ ಮಾಡುವಾಗ ಅದರ ಅಧಿಕೃತ ಹೆಸರು ತಪ್ಪಾಗಿ ‘ಕನ್ನಡ ಅಕ್ಷರ ಫಾ’ ಎಂದು ದಾಖಲಾಯಿತು. ತಪ್ಪು ಎಲ್ಲರಿಗೂ ಗೊತ್ತು, ಆದರೂ ಹೆಸರನ್ನು ತಿದ್ದಿಲ್ಲ. ಸರಿಯಾದ ಹೆಸರನ್ನು ‘ತಿದ್ದುಪಡಿ’ ಎಂಬ ಷರಾದೊಂದಿಗೆ ಬೇರೊಂದು ಪಟ್ಟಿಯಲ್ಲಿ ಅಧಿಕೃತ ಪರ್ಯಾಯವಾಗಿ ಸೇರಿಸಿದ್ದಾರೆ. ಇದು ಮೊಂಡುತನದಂತೆ ಕಂಡೀತು, ಆದರೆ ಇದರ ಹಿಂದೆ ಅನುಭವವಿದೆ. 1996ರಲ್ಲಿ ಯೂನಿಕೋಡ್ 2.0 ಬಂದಾಗ ಕೊರಿಯನ್ ಲಿಪಿಯ ಅಕ್ಷರಗುಚ್ಛಗಳನ್ನು ಹಳೆಯ ಜಾಗದಿಂದ ಕಿತ್ತು, 11,172 ಗುಚ್ಛಗಳಾಗಿ ಹೊಸ ಜಾಗದಲ್ಲಿ ಇಟ್ಟರು. ಹಳೆಯ ಸಂಖ್ಯೆಗಳಲ್ಲಿ ಬರೆದಿಟ್ಟ ಕೊರಿಯನ್ ಪಠ್ಯ ಅರ್ಥ ಕಳೆದುಕೊಂಡಿತು. ಅಂದಿನಿಂದ ಒಮ್ಮೆ ಕೊಟ್ಟ ಸಂಖ್ಯೆಯನ್ನು ಕದಲಿಸುವುದಿಲ್ಲ, ಹಿಂಪಡೆಯುವುದಿಲ್ಲ, ಹೆಸರನ್ನು ಬದಲಿಸುವುದಿಲ್ಲ ಎಂದು ಯೂನಿಕೋಡ್ ಬದ್ಧವಾಗಿದೆ. ಜಿಎಸ್‌ಟಿಯ ರಾಜ್ಯ ಸಂಖ್ಯೆಗಳಲ್ಲೂ ಇದೇ ವಿವೇಕ ಕಾಣುತ್ತದೆ. ಕರ್ನಾಟಕಕ್ಕೆ 29 ಇರುವ ಆ ಪಟ್ಟಿಯಲ್ಲಿ 28 ಅವಿಭಜಿತ ಆಂಧ್ರಪ್ರದೇಶದ್ದು. ವಿಭಜನೆಯ ನಂತರದ ತೆಲಂಗಾಣಕ್ಕೆ 36 ಕೊಟ್ಟಂತೆ, ಹೆಸರು ಉಳಿಸಿಕೊಂಡ ಆಂಧ್ರಪ್ರದೇಶಕ್ಕೂ 37 ಎಂಬ ಹೊಸ ಸಂಖ್ಯೆ ಬಂತು. ಭೂಪ್ರದೇಶ ಬದಲಾದ ಮೇಲೆ ಹಳೆಯ ಗುರುತನ್ನು ಯಾರಿಗೂ ಕೊಡಲಿಲ್ಲ. ಐಎಸ್‌ಒ 3166ರ ಇಂದಿನ ನಿಯಮದ ಪ್ರಕಾರ ತೆರವಾದ ಸಂಕೇತವನ್ನು ಕನಿಷ್ಠ 50 ವರ್ಷ ಬೇರೆಯವರಿಗೆ ಕೊಡುವಂತಿಲ್ಲ. ಗೂಗಲ್ 2008ರಲ್ಲಿ ಎಲ್ಲರಿಗೂ ತೆರೆದ ಪ್ರೋಟೊಕಾಲ್ ಬಫರ್ಸ್ ಎಂಬ ಸೀರಿಯಲೈಸೇಶನ್ ವ್ಯವಸ್ಥೆಯಲ್ಲಿ, ತೆಗೆದುಹಾಕಿದ ಅಂಕಿಯನ್ನು ‘ಕಾಯ್ದಿರಿಸಲಾಗಿದೆ’ ಎಂದು ಘೋಷಿಸಿದರೆ ಅದನ್ನು ಮತ್ತೆ ಬಳಸಲು ಕಂಪೈಲರೇ ಬಿಡುವುದಿಲ್ಲ. ಗುರುತು ಒಮ್ಮೆ ಹೊರಬಿತ್ತೆಂದರೆ ಅದು ಕೊಟ್ಟ ಮಾತು. ಆದ್ದರಿಂದ ಏನನ್ನು ಹೊರಬಿಡುತ್ತೇವೆ ಎಂಬುದು ನಮ್ಮ ಕಣ್ಣೆದುರು ಬರೆದಿರಬೇಕು.

ಹಾಗಾದರೆ ಕೈಯಾರೆ ಬರೆಯುವುದು ಹೇಗೆ? ಇಲ್ಲಿ ಗಮನಿಸಬೇಕಾದ ಒಂದು ಅಸಮತೆ ಇದೆ. ಬರೆಯುವ ದಿಕ್ಕಿನಲ್ಲಿ, ಅಂದರೆ ಆಯ್ಕೆಯಿಂದ ಪಠ್ಯಕ್ಕೆ ಹೋಗುವಾಗ, ಆಯ್ಕೆಗಳು ನಾಲ್ಕೇ. ಒಂದು ಬಿಟ್ಟುಹೋದರೂ ಕಂಪೈಲರ್ ಹಿಡಿಯುತ್ತದೆ. ಓದುವ ದಿಕ್ಕಿನಲ್ಲಿ, ಪಠ್ಯದಿಂದ ಆಯ್ಕೆಗೆ ಬರುವಾಗ, ಪಠ್ಯಗಳಿಗೆ ಲೆಕ್ಕವೇ ಇಲ್ಲ. ‘ಈ ಪದವಾದರೆ ಇದು, ಆ ಪದವಾದರೆ ಅದು’ ಎಂದು ನಾಲ್ಕು ಸಾಲು ಬರೆದು, ಕೊನೆಗೆ ‘ಬೇರೇನೇ ಆದರೂ ದೋಷ’ ಎನ್ನುವ ಸಾಲನ್ನು ಹಾಕದೆ ಬೇರೆ ದಾರಿಯಿಲ್ಲ. ಆ ಕೊನೆಯ ಸಾಲು ಇರುವುದರಿಂದಲೇ ಕಂಪೈಲರ್ ಕಣ್ಣು ಮುಚ್ಚುತ್ತದೆ. ‘ಹಿಂದಿರುಗಿದೆ’ ಎಂಬ ಐದನೆಯ ಸ್ಥಿತಿ ಸೇರಿದಾಗ, ಬರೆಯುವ ಫಂಕ್ಷನ್ ಅಪೂರ್ಣವಾಗಿದೆಯೆಂದು ಎಚ್ಚರಿಕೆ ಬರುತ್ತದೆ, ಓದುವ ಫಂಕ್ಷನ್ ಬಗ್ಗೆ ಚಕಾರವಿಲ್ಲ. ಪರಿಣಾಮವಾಗಿ, ಪ್ರೋಗ್ರಾಮ್ ತಾನೇ ಬರೆದ ಕಡತವನ್ನು ತಾನೇ ಓದಲಾರದೆ ನಿಲ್ಲುತ್ತದೆ. ಎರಡೂ ದಿಕ್ಕನ್ನು ಕೈಯಾರೆ ಬರೆದ ಕೋಡ್‌ನಲ್ಲಿ ಈ ದೋಷ ಕಾದು ಕುಳಿತಿರುತ್ತದೆ.

ಪರಿಹಾರ ಈ ಅಸಮತೆಯಲ್ಲೇ ಇದೆ. ಕಂಪೈಲರ್ ನೋಡಬಲ್ಲ ದಿಕ್ಕನ್ನು ಮಾತ್ರ ಬರೆಯಿರಿ, ಇನ್ನೊಂದನ್ನು ಅದರಿಂದ ಲೆಕ್ಕ ಹಾಕಿಸಿರಿ. ಹ್ಯಾಸ್ಕೆಲ್‌ನಲ್ಲಿ ಟೈಪಿನ ಮೊದಲ ಆಯ್ಕೆಯಿಂದ ಕೊನೆಯ ಆಯ್ಕೆಯವರೆಗೆ ಎಲ್ಲವನ್ನೂ ಸಾಲಾಗಿ ಕೊಡುವ ‘ಎನಮ್’ ಮತ್ತು ‘ಬೌಂಡೆಡ್’ ಎಂಬ ಎರಡು ಸೌಕರ್ಯಗಳನ್ನು ಕಂಪೈಲರ್ ಹುಟ್ಟಿಸಿಕೊಡುತ್ತದೆ. ಆ ಸಾಲಿನ ಪ್ರತಿಯೊಂದು ಆಯ್ಕೆಗೂ ಬರೆಯುವ ಫಂಕ್ಷನ್ ಹಚ್ಚಿದರೆ ‘ಗುರುತು, ಆಯ್ಕೆ’ ಎಂಬ ಜೋಡಿಗಳ ಕೋಷ್ಟಕ ಸಿದ್ಧ. ಓದುವುದೆಂದರೆ ಆ ಕೋಷ್ಟಕದಲ್ಲಿ ಹುಡುಕುವುದು, ಅಷ್ಟೇ. ಐದನೆಯ ಸ್ಥಿತಿ ಸೇರಿದಾಗ ಒಂದೇ ಕಡೆ ಎಚ್ಚರಿಕೆ ಬರುತ್ತದೆ, ಒಂದೇ ಸಾಲು ಸೇರಿಸುತ್ತೀರಿ, ಓದುವ ದಿಕ್ಕು ತಾನಾಗಿ ಸರಿಹೋಗುತ್ತದೆ. ಇಲ್ಲಿಯೂ ಯಂತ್ರ ಹುಟ್ಟಿಸಿದ ಕೋಡ್ ಇದೆ ನಿಜ, ಆದರೆ ಅದರ ಸ್ಥಾನದ ಅಂಕಿ ಗಡಿ ದಾಟುವುದಿಲ್ಲ, ಆದ್ದರಿಂದ ಅದರಿಂದ ಕೇಡಿಲ್ಲ. ಇನ್ನು ಉಳಿಯುವ ಅಪಾಯ ಒಂದೇ: ಎರಡು ಆಯ್ಕೆಗಳಿಗೆ ಕಣ್ತಪ್ಪಿ ಒಂದೇ ಗುರುತು ಕೊಡುವುದು. ಇದನ್ನು ಪರೀಕ್ಷೆಯಿಂದ ಹಿಡಿಯಬಹುದು. ಕೂನ್ ಕ್ಲಾಸನ್ ಮತ್ತು ಜಾನ್ ಹ್ಯೂಸ್ 2000ದಲ್ಲಿ ಪರಿಚಯಿಸಿದ ಕ್ವಿಕ್‌ಚೆಕ್ ಮಾದರಿಯ ಪರೀಕ್ಷೆಗಳು ‘ಬರೆದು ಮರಳಿ ಓದಿದರೆ ಮೊದಲಿನದೇ ಸಿಗಬೇಕು’ ಎಂಬ ನಿಯಮವನ್ನು ಯಾದೃಚ್ಛಿಕ ಬೆಲೆಗಳ ಮೇಲೆ ಪರೀಕ್ಷಿಸುತ್ತವೆ. ಎನಮ್‌ಗಳಿಗೆ ಯಾದೃಚ್ಛಿಕತೆಯೂ ಬೇಡ, ಇರುವ ಎಲ್ಲ ಬೆಲೆಗಳನ್ನೂ ಒಂದೊಂದಾಗಿ ನೋಡಬಹುದು. ಅನಂತ ಬೆಲೆಗಳಿರುವ ಟೈಪ್‌ಗಳಲ್ಲಿ ಪರೀಕ್ಷೆ ಬರಿಯ ಭರವಸೆ ಕೊಡುತ್ತದೆ. ಎಣಿಸಿಟ್ಟ ಟೈಪಿನಲ್ಲಿ ಅದು ಪೂರ್ತಿ ರುಜುವಾತೇ ಆಗುತ್ತದೆ.

ಗುರುತು ಬದಲಾಗುವ ಸಂದರ್ಭವನ್ನೂ ಈ ರಚನೆ ತಡೆದುಕೊಳ್ಳುತ್ತದೆ. ಬರೆಯುವ ಫಂಕ್ಷನ್‌ನಲ್ಲಿ ತೆಲಂಗಾಣಕ್ಕೆ ‘ಟಿಜಿ’ ಎಂದಿರಲಿ. ಓದುವ ಕೋಷ್ಟಕಕ್ಕೆ ಮಾತ್ರ ‘ಹಳೆಯ ಗುರುತುಗಳು’ ಎಂಬ ಪುಟ್ಟ ಪಟ್ಟಿಯೊಂದನ್ನು ಜೋಡಿಸಿ ಅದರಲ್ಲಿ ‘ಟಿಎಸ್’ ಎಂದರೂ ತೆಲಂಗಾಣವೇ ಎಂದು ಬರೆಯಬಹುದು. ಒಡಿಶಾದ ‘ಒಆರ್’ ‘ಒಡಿ’ಯಾದದ್ದು, ಉತ್ತರಾಖಂಡದ ‘ಯುಎ’ ‘ಯುಕೆ’ಯಾದದ್ದು, ಎಲ್ಲವೂ ಅದೇ ಪಟ್ಟಿಗೆ ಸೇರುತ್ತವೆ. ಓದುವಾಗ ಹಳೆಯದು ಹೊಸದು ಎರಡಕ್ಕೂ ಬಾಗಿಲು, ಬರೆಯುವಾಗ ಹೊಸದೊಂದೇ. ಒಳಗಿನ ಟೈಪಿಗೆ ಈ ಯಾವ ಸುದ್ದಿಯೂ ತಿಳಿಯಬೇಕಿಲ್ಲ. ಅಲ್ಲಿ ತೆಲಂಗಾಣ ಒಂದೇ. ಡಿರೈವಿಂಗ್ ನೆಚ್ಚಿದ ಕೋಡ್‌ನಲ್ಲಿ ಇಂಥ ಇತಿಹಾಸವನ್ನು ದಾಖಲಿಸುವ ಜಾಗವೇ ಇರುವುದಿಲ್ಲ.

ಈಗ ಈ ಕೋಷ್ಟಕಗಳು ಎಲ್ಲಿರಬೇಕು ಎಂಬ ಪ್ರಶ್ನೆ. ಹ್ಯಾಸ್ಕೆಲ್‌ನ ವಾಡಿಕೆಯಂತೆ ಸೀರಿಯಲೈಸೇಶನ್ ಎಂದರೆ ಒಂದು ಟೈಪ್ ಕ್ಲಾಸ್, ಅಂದರೆ ಹಲವು ಟೈಪ್‌ಗಳು ತಂತಮ್ಮ ರೀತಿಯಲ್ಲಿ ಒದಗಿಸುವ ಫಂಕ್ಷನ್‌ಗಳ ಗುಂಪು. ಫಿಲಿಪ್ ವಾಡ್ಲರ್ ಮತ್ತು ಸ್ಟೀಫನ್ ಬ್ಲಾಟ್ 1989ರಲ್ಲಿ ಮಂಡಿಸಿದ ಈ ಏರ್ಪಾಡಿನಲ್ಲಿ ಒಂದು ಟೈಪಿಗೆ ಒಂದು ಕ್ಲಾಸಿನ ಇನ್‌ಸ್ಟನ್ಸ್, ಅಂದರೆ ಆ ಟೈಪಿಗಾಗಿ ಬರೆದ ಫಂಕ್ಷನ್‌ಗಳ ಕಟ್ಟು, ಇಡೀ ಪ್ರೋಗ್ರಾಮಿನಲ್ಲಿ ಒಂದೇ ಇರಬೇಕು. ಇನ್‌ಸ್ಟನ್ಸ್ ಟೈಪಿನ ಮಾಡ್ಯೂಲ್‌ನಲ್ಲೂ ಇಲ್ಲದೆ ಕ್ಲಾಸಿನ ಮಾಡ್ಯೂಲ್‌ನಲ್ಲೂ ಇಲ್ಲದೆ ಮೂರನೆಯ ಕಡೆ ಇದ್ದರೆ ಅದನ್ನು ಅನಾಥ ಇನ್‌ಸ್ಟನ್ಸ್ ಎನ್ನುತ್ತಾರೆ. ಎರಡು ಕಡೆ ಎರಡು ಹುಟ್ಟಿಕೊಂಡು ಘರ್ಷಣೆಯಾಗುವ ಭಯದಿಂದ ಕಂಪೈಲರ್ ಅದರ ಬಗ್ಗೆ ಎಚ್ಚರಿಸಬಲ್ಲದು, ರಸ್ಟ್ ಭಾಷೆ ಅದನ್ನು ನಿಷೇಧಿಸಿಯೇ ಇದೆ. ಈ ನಿಯಮ ಎಲ್ಲರನ್ನೂ ಒಂದೇ ದಿಕ್ಕಿಗೆ ತಳ್ಳುತ್ತದೆ: ಟೈಪಿನ ಪಕ್ಕದಲ್ಲೇ ಜೇಸನ್ ರೂಪ, ಅದರ ಪಕ್ಕದಲ್ಲೇ ಡೇಟಾಬೇಸ್ ರೂಪ, ಮತ್ತೆ ಪರದೆಯ ಮೇಲೆ ತೋರಿಸುವ ಹೆಸರು. ಕ್ರಮೇಣ ನಾಲ್ಕು ಪದಗಳ ಒಂದು ಟೈಪನ್ನು ಬಳಸಲು ಡೇಟಾಬೇಸ್ ಲೈಬ್ರರಿಯನ್ನೂ ಎಳೆದು ತರಬೇಕಾಗುತ್ತದೆ. ಎಲ್ಲ ಟೈಪ್‌ಗಳನ್ನೂ ಒಂದೇ ‘ಟೈಪ್ಸ್’ ಮಾಡ್ಯೂಲಿಗೆ ತುಂಬಿದರೆ, ಒಂದು ಗುರುತು ತಿದ್ದಿದ ಮಾತ್ರಕ್ಕೆ ಅದನ್ನು ಅವಲಂಬಿಸಿದ ಇಡೀ ಪ್ರೋಗ್ರಾಮ್ ಮತ್ತೆ ಕಂಪೈಲ್ ಆಗಬೇಕಾದೀತು.

ಇದಕ್ಕೆ ಉತ್ತರ ಡೇವಿಡ್ ಪಾರ್ನಾಸ್ 1972ರಲ್ಲಿ ಬರೆದ ಪ್ರಬಂಧದಲ್ಲಿದೆ. ಪ್ರೋಗ್ರಾಮನ್ನು ಮಾಡ್ಯೂಲ್‌ಗಳಾಗಿ ಒಡೆಯುವಾಗ ಕೆಲಸದ ಹಂತಗಳನ್ನು ಅನುಸರಿಸಬೇಡಿ, ಮುಂದೆ ಬದಲಾಗಬಹುದಾದ ಒಂದೊಂದು ತೀರ್ಮಾನವನ್ನು ಒಂದೊಂದು ಮಾಡ್ಯೂಲಿನಲ್ಲಿ ಅಡಗಿಸಿ ಎಂಬುದು ಅವರ ವಾದ. ಆರ್ಡರ್‌ಗೆ ಯಾವ ಯಾವ ಸ್ಥಿತಿಗಳಿವೆ ಎಂಬುದು ವ್ಯಾಪಾರ ಬದಲಾದಾಗ ಬದಲಾಗುವ ತೀರ್ಮಾನ. ಡೇಟಾಬೇಸ್‌ನಲ್ಲಿ ಅದು ಯಾವ ಅಕ್ಷರವಾಗಿ ಕೂರುತ್ತದೆ ಎಂಬುದು ಹಳೆಯ ದಾಖಲೆಗಳು ಇರುವವರೆಗೂ ನಿಲ್ಲಬೇಕಾದ ತೀರ್ಮಾನ. ಪಾವತಿ ಸಂಸ್ಥೆಗೆ ಕಳಿಸುವ ಗುರುತು ಆ ಸಂಸ್ಥೆ ಹೇಳಿದಾಗ ಬದಲಾಗುತ್ತದೆ. ಪರದೆಯ ಮೇಲಿನ ಕನ್ನಡ ಪದವನ್ನು ಸಂಪಾದಕರೊಬ್ಬರು ಇಂದು ಮಧ್ಯಾಹ್ನವೇ ಚೆನ್ನಾಗಿಸಬಹುದು. ಕಾಲಮಾನ ನಾಲ್ಕು, ಯಜಮಾನರು ನಾಲ್ವರು. ಒಂದೇ ಟೈಪಿಗೆ ಸಂಬಂಧಿಸಿದ್ದು ಎಂಬ ಕಾರಣಕ್ಕೆ ಅವನ್ನು ಒಂದೇ ಕಡತದಲ್ಲಿ ಕೂರಿಸಬಾರದು. ಟೈಪ್ ತನ್ನ ಪಾಡಿಗೆ, ಯಾವ ರೂಪದ ಅರಿವೂ ಇಲ್ಲದ ಸಣ್ಣ ಮಾಡ್ಯೂಲಿನಲ್ಲಿ ಇರಲಿ. ಪ್ರತಿಯೊಂದು ಗಡಿಗೂ ಒಂದು ಮಾಡ್ಯೂಲ್ ಇದ್ದು, ಆ ಗಡಿಯನ್ನು ದಾಟುವ ಎಲ್ಲ ಟೈಪ್‌ಗಳ ಕೋಷ್ಟಕಗಳೂ ಅಲ್ಲಿರಲಿ. ಕೋಷ್ಟಕವು ಇನ್‌ಸ್ಟನ್ಸ್ ಆಗಲೇಬೇಕೆಂದಿಲ್ಲ, ಫಂಕ್ಷನ್‌ಗಳಂತೆಯೇ ಹೆಸರಿಟ್ಟ ಸಾದಾ ಬೆಲೆಯಾಗಿರಲಿ; ಲೈಬ್ರರಿಗೆ ಇನ್‌ಸ್ಟನ್ಸ್ ಬೇಕೇ ಬೇಕಾದರೆ ಗಡಿಯಲ್ಲೇ ಒಂದು ಹೊದಿಕೆ ಟೈಪ್ ಮಾಡಿ ಅದಕ್ಕೆ ಕೊಡಬಹುದು. ಅನಾಥ ಇನ್‌ಸ್ಟನ್ಸ್‌ನ ಪ್ರಶ್ನೆಯೇ ಏಳುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಇಷ್ಟೆಲ್ಲ ಬರೆಯುವುದು ವ್ಯರ್ಥ ಶ್ರಮ, ಯಂತ್ರ ಮಾಡಬಲ್ಲ ಕೆಲಸವನ್ನು ಮನುಷ್ಯ ಯಾಕೆ ಮಾಡಬೇಕು ಎಂಬುದು. ಇದರಲ್ಲಿ ತಿರುಳಿದೆ. ಒಂದೇ ಪ್ರೋಗ್ರಾಮ್ ಬರೆದು ಅದೇ ಪ್ರೋಗ್ರಾಮ್ ಸ್ವಲ್ಪ ಹೊತ್ತಿನಲ್ಲಿ ಓದಿ ಎಸೆಯುವ ತಾತ್ಕಾಲಿಕ ಸಂಗ್ರಹಗಳಿಗೆ, ಮನುಷ್ಯರ ಕಣ್ಣಿಗಷ್ಟೇ ಬೀಳುವ ಲಾಗ್‌ಗಳಿಗೆ ಡಿರೈವಿಂಗ್ ಧಾರಾಳವಾಗಿ ಸಾಕು. ಅಲ್ಲಿ ಹೊರಗಿನವರಿಗೆ ಕೊಟ್ಟ ಮಾತೇ ಇಲ್ಲ. ಆದರೆ ಬರೆದವರು ಮತ್ತು ಓದುವವರು ಬೇರೆ ಬೇರೆ ದಿನ ಬದಲಾಗುವ ಎಲ್ಲ ಕಡೆಯೂ, ಆಯ್ಕೆಗೊಂದು ಸಾಲಿನ ಬೆಲೆ ತೀರಾ ಕಡಿಮೆ. ಎಲ್ಮ್ ಭಾಷೆಯಲ್ಲಿ ಟೈಪ್ ಕ್ಲಾಸ್‌ಗಳೂ ಇಲ್ಲ, ಜೇಸನ್ ರೂಪವನ್ನು ತಾನಾಗಿ ಹುಟ್ಟಿಸುವ ಸೌಕರ್ಯವೂ ಭಾಷೆಯಲ್ಲಿಲ್ಲ. ಬಳಕೆದಾರರು ಓದುವ ಬರೆಯುವ ಫಂಕ್ಷನ್‌ಗಳನ್ನು ಕೈಯಾರೆ ಬರೆಯುವುದೇ ರೂಢಿ. ಆ ಶ್ರಮವನ್ನು ಕೋಡ್ ಹುಟ್ಟಿಸುವ ಪ್ರೋಗ್ರಾಮ್‌ಗಳಿಂದ ಇಳಿಸಬಹುದು, ಹುಟ್ಟಿದ ಗುರುತುಗಳು ಕಡತದಲ್ಲಿ ಕಣ್ಣಿಗೆ ಕಾಣುವಂತೆ ಇದ್ದರೆ ಅದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ಎಲ್ಲಿಯೂ ಬರೆದಿಲ್ಲದ, ಆಯ್ಕೆಯ ಹೆಸರಿನಿಂದ ಗುಟ್ಟಾಗಿ ಇಳಿದುಬರುವ ಗುರುತುಗಳ ಬಗ್ಗೆ.

ಎರಡನೆಯ ಆಕ್ಷೇಪ: ಟೈಪ್ ಒಂದು ಕಡೆ, ಕೋಷ್ಟಕಗಳು ನಾಲ್ಕು ಕಡೆ ಆದರೆ, ಹೊಸ ಆಯ್ಕೆ ಸೇರಿಸುವವರು ಒಂದನ್ನು ಮರೆಯುವುದಿಲ್ಲವೇ? ಪಕ್ಕಪಕ್ಕದಲ್ಲಿದ್ದರೆ ಕಣ್ಣಿಗೆ ಬೀಳುತ್ತಿತ್ತಲ್ಲ? ಪೂರ್ಣತೆಯ ತಪಾಸಣೆ ಇಲ್ಲದ ಭಾಷೆಗಳಲ್ಲಿ ಇದು ಗಟ್ಟಿಯಾದ ವಾದ. ಅಲ್ಲಿ ಮರೆಯದಿರಲು ಪಕ್ಕದಲ್ಲಿಡುವುದೇ ಉಪಾಯ. ಇಲ್ಲಿ ಆ ಜ್ಞಾಪಕದ ಕೆಲಸ ಕಂಪೈಲರ್‌ನದು. ಆದರೆ ಒಂದು ಎಚ್ಚರ ಅಗತ್ಯ. ಎಲ್ಮ್, ರಸ್ಟ್‌ಗಳಲ್ಲಿ ಅಪೂರ್ಣತೆ ದೋಷವೇ ಆಗಿದ್ದು ಪ್ರೋಗ್ರಾಮ್ ಸಿದ್ಧವಾಗುವುದೇ ಇಲ್ಲ. ಒಕ್ಯಾಮಲ್‌ನಲ್ಲಿ ಅದು ಬರಿಯ ಎಚ್ಚರಿಕೆ. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್‌ನಲ್ಲಿ ಕೇಳಿ ಪಡೆದರೆ ಮಾತ್ರ ಆ ಎಚ್ಚರಿಕೆ ಬರುತ್ತದೆ. ಅದನ್ನು ಕೇಳಿ ಪಡೆದು, ದೋಷದ ದರ್ಜೆಗೆ ಏರಿಸಿಕೊಂಡಿರುವ ಪ್ರೋಗ್ರಾಮಿನಲ್ಲಿ ಮಾತ್ರ ಈ ಅಧ್ಯಾಯದ ವಾದ ನಿಲ್ಲುತ್ತದೆ.

ಮೂರನೆಯ ಆಕ್ಷೇಪ ಅತ್ಯಂತ ಗಂಭೀರವಾದದ್ದು. ಒಳಗಿನ ಟೈಪ್ ಮುಚ್ಚಿದ ಪಟ್ಟಿ, ಹೊರಗಿನ ಜಗತ್ತು ತೆರೆದದ್ದು. ನಮ್ಮದು ನಾಲ್ಕೇ ಸ್ಥಿತಿಗಳ ಹಳೆಯ ಆವೃತ್ತಿಯಾಗಿದ್ದು, ಆ ಕಡೆಯವರು ಐದನೆಯದನ್ನು ಕಳಿಸಿದರೆ? ಜಾನ್ ಪೋಸ್ಟೆಲ್ 1980ರಲ್ಲಿ ಇಂಟರ್‌ನೆಟ್ಟಿನ ಟಿಸಿಪಿ ನಿಯಮಾವಳಿಯಲ್ಲಿ, ಕಳಿಸುವಾಗ ಬಿಗಿಯಾಗಿರಿ, ಸ್ವೀಕರಿಸುವಾಗ ಉದಾರವಾಗಿರಿ ಎಂಬ ಸೂತ್ರ ಕೊಟ್ಟರು. ಉದಾರತೆಯ ಹೆಸರಿನಲ್ಲಿ ಹಲವರು ಒಳಗಿನ ಟೈಪಿಗೇ ‘ಗೊತ್ತಿಲ್ಲ’ ಎಂಬ ಆಯ್ಕೆ ಸೇರಿಸಿಬಿಡುತ್ತಾರೆ. ಆಗ ಪ್ರೋಗ್ರಾಮಿನ ಪ್ರತಿ ಮೂಲೆಯಲ್ಲೂ, ಏನು ಮಾಡಬೇಕೆಂದು ನಿರ್ಧರಿಸಲು ಮಾಹಿತಿಯಿಲ್ಲದ ಕಡೆಯೂ, ‘ಗೊತ್ತಿಲ್ಲ’ಕ್ಕೆ ಒಂದು ಉತ್ತರ ಹೊಸೆಯಬೇಕಾಗುತ್ತದೆ, ಉಳಿದದ್ದನ್ನೆಲ್ಲ ‘ಓ’ ಎನ್ನುವ ರಕ್ತಪರೀಕ್ಷೆಯ ಗತಿಯೇ ಅದು. ಅಷ್ಟೇ ಅಲ್ಲ, ಸಡಿಲವಾಗಿ ಸ್ವೀಕರಿಸುತ್ತ ಹೋದರೆ ತಪ್ಪುಗಳೇ ಕಾಲಕ್ರಮದಲ್ಲಿ ರೂಢಿಯಾಗಿ ಗಟ್ಟಿಯಾಗುತ್ತವೆ ಎಂದು ಇಂಟರ್‌ನೆಟ್ ಆರ್ಕಿಟೆಕ್ಚರ್ ಬೋರ್ಡ್ 2023ರ ತನ್ನ ದಾಖಲೆಯಲ್ಲಿ ಎಚ್ಚರಿಸಿದೆ. ಮೇಲು ದಾರಿ ಎಂದರೆ ಅಪರಿಚಿತವನ್ನು ಗಡಿಯಲ್ಲೇ ಎದುರಿಸುವುದು. ಓದುವ ಫಂಕ್ಷನ್‌ನ ಫಲಿತಾಂಶ ಎರಡರಲ್ಲಿ ಒಂದು: ‘ಪರಿಚಿತ ಆಯ್ಕೆ ಇದು’ ಅಥವಾ ‘ಅಪರಿಚಿತ ಗುರುತು, ಬಂದ ಪಠ್ಯ ಇದು’. ಮಾಹಿತಿಯನ್ನು ದಾಟಿಸುವುದಷ್ಟೇ ಕೆಲಸವಾದರೆ ಆ ಪಠ್ಯವನ್ನು ಬಂದಂತೆಯೇ ಮುಂದೆ ಕಳಿಸಬಹುದು; ಆರ್ಡರ್‌ನ ಹಣ ಹಿಂದಿರುಗಿಸುವ ನಿರ್ಧಾರವಾದರೆ ಅಲ್ಲೇ ತಡೆದು ವರದಿ ಮಾಡಬಹುದು. ಗಡಿ ದಾಟಿ ಒಳಬಂದದ್ದು ಮಾತ್ರ ಯಾವಾಗಲೂ ಪೂರ್ತಿ ಪರಿಚಿತ. ಅಲೆಕ್ಸಿಸ್ ಕಿಂಗ್ 2019ರ ತಮ್ಮ ಪ್ರಬಂಧದಲ್ಲಿ ಇದನ್ನೇ ಸ್ಪಷ್ಟಪಡಿಸಿದ್ದಾರೆ: ಹೊರಗಿನ ಮಾಹಿತಿಯನ್ನು ಪರೀಕ್ಷಿಸಿ ಹಾಗೆಯೇ ಒಳಬಿಡುವುದಕ್ಕಿಂತ, ಪರೀಕ್ಷೆಯ ಫಲವನ್ನು ಹೊಸ ಟೈಪಿನಲ್ಲಿ ಹಿಡಿದಿಟ್ಟು ಒಳಬಿಡಬೇಕು, ಆಗ ಒಳಗಿನ ಯಾವ ಫಂಕ್ಷನ್ ಕೂಡ ಅದೇ ಅನುಮಾನವನ್ನು ಮತ್ತೆ ಪಡಬೇಕಿಲ್ಲ.

ಈ ಎಲ್ಲದರ ಹಿಂದೆ ಇರುವುದು ಯಂತ್ರಕ್ಕೂ ಮನುಷ್ಯರಿಗೂ ನಡುವಿನ ಕೆಲಸದ ಹಂಚಿಕೆ. ಪಟ್ಟಿ ಪೂರ್ತಿಯಾಗಿದೆಯೇ, ಒಂದಾದರೂ ಆಯ್ಕೆ ಬಿಟ್ಟುಹೋಗಿದೆಯೇ, ಎರಡಕ್ಕೆ ಒಂದೇ ಗುರುತು ಬಿದ್ದಿದೆಯೇ ಎಂಬುದನ್ನು ಯಂತ್ರ ಮನುಷ್ಯರಿಗಿಂತ ಚೆನ್ನಾಗಿ ನೋಡುತ್ತದೆ, ಅದನ್ನು ಅದಕ್ಕೇ ವಹಿಸಬೇಕು. ಯಾವ ಆಯ್ಕೆಗೆ ಯಾವ ಗುರುತು, ಹಳೆಯ ಗುರುತನ್ನು ಇನ್ನೆಷ್ಟು ಕಾಲ ಓದಬೇಕು, ಅಪರಿಚಿತವಾದದ್ದು ಬಂದರೆ ತಡೆಯಬೇಕೋ ದಾಟಿಸಬೇಕೋ ಎಂಬುದು ಯಂತ್ರಕ್ಕೆ ತಿಳಿಯಲು ಸಾಧ್ಯವೇ ಇಲ್ಲ. ಅವು ಡೇಟಾಬೇಸ್ ನೋಡಿಕೊಳ್ಳುವವರು, ಆ್ಯಪ್ ಬರೆಯುವವರು, ಪಾವತಿ ಸಂಸ್ಥೆಯವರು ಒಬ್ಬರಿಗೊಬ್ಬರು ಕೊಟ್ಟುಕೊಂಡ ಮಾತುಗಳು. ಅಂಥ ಮಾತುಗಳನ್ನು ಕಂಪೈಲರ್‌ನ ಒಂದು ಪದದ ಹಿಂದೆ ಮರೆಯಾಗಿಸುವ ಪ್ರೋಗ್ರಾಮ್ ಆರಂಭದಲ್ಲಿ ಚಿಕ್ಕದಾಗಿರುತ್ತದೆ, ನಿಜ. ಆದರೆ ಎರಡನೆಯ ಆವೃತ್ತಿ ಬರೆಯುವವರು, ಬಹುತೇಕ ಬೇರೆಯವರೇ ಆಗಿರುವವರು, ಮೊದಲಿನವರು ಯಾರಿಗೆ ಏನು ಮಾತು ಕೊಟ್ಟಿದ್ದರು ಎಂಬುದನ್ನು ತಿಳಿಯಲು ಪ್ರೋಗ್ರಾಮಿನ ಕಡತವನ್ನೇ ತೆರೆಯುತ್ತಾರೆ. ಗಡಿಯಲ್ಲಿ ಒಂದು ಕೋಷ್ಟಕವಿದ್ದರೆ, ಅದರ ಪ್ರತಿ ಸಾಲೂ ಅವರಿಗೆ ಆ ಪ್ರಶ್ನೆಯ ಉತ್ತರ.